ಕೊರತೆಯ ನಡುವೆ ‘ಕೊರತೆಪಡೆನು’ ಎಂದರೆ ಸುಳ್ಳೇ?

ಪ್ರಶ್ನೆ: ಚಿಕ್ಕಂದಿನಿಂದಲೂ ಮಲಗುವ ಮುನ್ನ ಬೈಬಲ್ಲಿನ 23ನೆಯ ಕೀರ್ತನೆ ಹೇಳುವ ರೂಢಿ ನನ್ನದು. ಯಜಮಾನರ ಕೆಲಸ ಹೋಗಿ ಹದಿನಾಲ್ಕು ತಿಂಗಳಾಯಿತು. ನನ್ನೊಬ್ಬಳ ಸಂಬಳದಲ್ಲಿ ಮನೆ ನಡೆಯಬೇಕು. ಅತ್ತೆ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಸಾಲದ ಕಂತು, ಮಕ್ಕಳ ಫೀಸು ಎಂದು ಲೆಕ್ಕ ಹಾಕುತ್ತಲೇ ಬೆಳಗಾಗುತ್ತದೆ. ‘ಕೊರತೆಪಡೆನು’ ಎನ್ನುವಾಗ ದೇವರ ಮುಂದೆ ಸುಳ್ಳು ಹೇಳಿದಂತಾಗಿ, ಈಚೆಗೆ ಆ ಕೀರ್ತನೆಯನ್ನೇ ಬಿಟ್ಟಿದ್ದೇನೆ. ಪ್ರಾರ್ಥನಾಕೂಟದಲ್ಲಿ ಒಬ್ಬರು ‘ನಂಬಿಕೆ ಸರಿಯಾಗಿದ್ದರೆ ಕೊರತೆ ಬರುವುದಿಲ್ಲ’ ಎಂದರು. ನಮ್ಮ ಪರಿಸ್ಥಿತಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಕುರುಬನ ಆರೈಕೆಯಲ್ಲಿ ವಿಶ್ರಮಿಸಿ ಎನ್ನುತ್ತಾರಲ್ಲ, ಅದು ಹೇಗೆ? ಕೈಕಟ್ಟಿ ಕೂರಲು ನನಗೆ ಪುರಸೊತ್ತಾದರೂ ಎಲ್ಲಿದೆ?

ಉತ್ತರ:

ಸಹೋದರಿ, ಕೀರ್ತನೆ ಹೇಳುವುದನ್ನು ಬಿಟ್ಟೆ ಎಂದು ನೊಂದುಕೊಂಡಿದ್ದೀರಿ. ದೇವರ ಮುಂದೆ ಸುಳ್ಳಾಡಬಾರದು ಎಂದು ಬಾಯಿ ಕಟ್ಟಿಕೊಂಡವರು ದೇವರನ್ನು ಬಿಟ್ಟವರಲ್ಲ. ಅರ್ಥ ಮನಸ್ಸಿಗಿಳಿಯದೆ ಅದನ್ನೇ ನೂರು ಸಲ ಹೇಳುವವರಿಗಿಂತ ನೀವು ಆ ಮಾತಿಗೆ ಹೆಚ್ಚು ಬೆಲೆ ಕೊಟ್ಟಿದ್ದೀರಿ. ಹಾಗಾಗಿ ಆ ಒಂದು ಮಾತಿನಿಂದಲೇ ಶುರುಮಾಡುತ್ತೇನೆ.

‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಹೀಬ್ರೂ ಮೂಲದಲ್ಲಿ ಇದು ನಾಲ್ಕೇ ಪದ. ಮೊದಲ ಪದ ದೇವರ ಹೆಸರು. ಎರಡನೆಯದು ‘ರೋಈ’, ನನ್ನನ್ನು ಮೇಯಿಸುತ್ತಿರುವವನು. ಆಮೇಲೆ ‘ಲೋ ಎಹ್ಸಾರ್’. ಈ ಕೊನೆಯ ಎರಡು ಪದಗಳಿಗೆ ನಮ್ಮ ಅನುವಾದಕರು ಕನ್ನಡದ ಹಳೆಯ ನಿಷೇಧರೂಪ ಬಳಸಿದ್ದು ನನಗೆ ಬಹಳ ಇಷ್ಟ. ‘ಅರಿಯೆ’, ‘ಕಾಣೆ’, ‘ಒಲ್ಲೆ’ ಎನ್ನುತ್ತೇವಲ್ಲ, ‘ಕೊರತೆಪಡೆನು’ ಅದೇ ಜಾತಿಯದು. ಈ ರೂಪಕ್ಕೆ ಕಾಲವಿಲ್ಲ. ನಿನ್ನೆ, ಇವತ್ತು, ನಾಳೆ ಮೂರೂ ಅದರೊಳಗಿವೆ. ‘ನನಗೆ ಈಗ ಏನೂ ಕಡಿಮೆಯಿಲ್ಲ’ ಎಂದಿದ್ದರೆ ಅದು ಇವತ್ತಿನ ಡಬ್ಬಿಗಳನ್ನು ಎಣಿಸಿ ಕೊಟ್ಟ ವರದಿಯಾಗುತ್ತಿತ್ತು. ಆ ವರದಿ ನಿಮ್ಮ ಮನೆಯ ಮಟ್ಟಿಗೆ ನಿಜವಲ್ಲ ಎಂದು ನೀವು ಹೇಳುವುದು ಸರಿ. ದಾವೀದನ ಹೆಸರಿನಲ್ಲಿರುವ ಈ ಕೀರ್ತನೆ ಡಬ್ಬಿ ತೆರೆದು ನೋಡಿ ಹಾಡಿದ್ದಲ್ಲ. ಪುಟ್ಟ ಮಗು ‘ಅಪ್ಪ ಇದ್ದಾನೆ, ನನಗೇನು ಕಡಿಮೆ’ ಎನ್ನುವಾಗ ಅದಕ್ಕೆ ಅಪ್ಪನ ಜೇಬಿನಲ್ಲಿ ಎಷ್ಟಿದೆ ಎಂಬುದು ಗೊತ್ತಿರುವುದಿಲ್ಲ, ಅಪ್ಪ ಗೊತ್ತಿರುತ್ತಾನೆ.

ಇದೇ ಕ್ರಿಯಾಪದ ಧರ್ಮೋಪದೇಶಕಾಂಡದ ಎರಡನೆಯ ಅಧ್ಯಾಯದಲ್ಲೂ ಬರುತ್ತದೆ. ಈ ನಲವತ್ತು ವರ್ಷ ಯೆಹೋವನು ನಿಮ್ಮ ಸಂಗಡ ಇದ್ದನು, ನಿಮಗೆ ಏನೂ ಕಡಿಮೆಯಾಗಲಿಲ್ಲ ಎಂದು ಮೋಶೆ ಇಸ್ರಾಯೇಲ್ಯರಿಗೆ ಹೇಳುತ್ತಾನೆ. ಅಡವಿಯಲ್ಲಿ ಅಲೆದ ಆ ನಲವತ್ತು ವರ್ಷ ಹೇಗಿದ್ದವು ಎಂಬುದು ನಿಮಗೆ ಗೊತ್ತು. ಕುಡಿಯಲು ನೀರಿಲ್ಲವೆಂದು ಕೂಗಾಡಿದ್ದರು, ಐಗುಪ್ತದ ಊಟ ನೆನೆದು ಅತ್ತಿದ್ದರು, ದಾರಿಯಲ್ಲೇ ಎಷ್ಟೋ ಜನರನ್ನು ಮಣ್ಣು ಮಾಡಿದ್ದರು. ಆ ವರ್ಷಗಳ ಕುರಿತೇ ‘ಏನೂ ಕಡಿಮೆಯಾಗಲಿಲ್ಲ’ ಎನ್ನುವ ಮಾತು ಬಂದಿದೆ. ಅಂದರೆ ಬೈಬಲ್ಲಿನ ಭಾಷೆಯಲ್ಲಿ ಹಸಿವೆಯ ನೆನಪೂ ‘ಕೊರತೆಪಡೆನು’ ಎಂಬ ಮಾತೂ ಒಂದೇ ಬಾಯಲ್ಲಿರಬಹುದು. ಇಂಥ ಮಾತು ಹೆಚ್ಚಾಗಿ ದಾರಿ ಸವೆದ ಮೇಲೆ, ಹಿಂತಿರುಗಿ ನೋಡಿದಾಗ ತುಂಬಿದ ದನಿಯಲ್ಲಿ ಬರುತ್ತದೆ. ನೀವಿನ್ನೂ ದಾರಿಯ ನಡುವೆ ಇದ್ದೀರಿ. ನಿಮ್ಮ ದನಿ ನಡುಗಿದರೆ ಅದು ಸುಳ್ಳಾಗುವುದಿಲ್ಲ.

ಪ್ರಾರ್ಥನಾಕೂಟದಲ್ಲಿ ಕೇಳಿದ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಇದನ್ನು ಮೃದುವಾಗಿ ಹೇಳಲು ನನಗೆ ಮನಸ್ಸಿಲ್ಲ. ಆ ಮಾತು ತಪ್ಪು. ಹಸಿವೆ, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದಿರುವಿಕೆಯನ್ನೆಲ್ಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪಟ್ಟಿಮಾಡಿದ್ದಾನೆ. ಅವನ ನಂಬಿಕೆ ಸರಿಯಿರಲಿಲ್ಲ ಎನ್ನೋಣವೇ? ಶಿಲುಬೆಯ ಮೇಲೆ ‘ನನಗೆ ನೀರಡಿಕೆಯಾಗಿದೆ’ ಎಂದವರು ಯಾರು? ಕೀರ್ತನೆಗಳ ಪುಸ್ತಕದಲ್ಲಿ 23ನೆಯದರ ಪಕ್ಕದಲ್ಲೇ, ಅದಕ್ಕಿಂತ ಮುಂಚೆ, ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬ 22ನೆಯ ಕೀರ್ತನೆ ಇದೆ. ಪುಟ ತಿರುಗಿಸಿ ಸೀದಾ ಹಸುರುಗಾವಲಿಗೆ ಹಾರಿ ಹೋಗುವವರಿಗೆ ಕೊರತೆಯಲ್ಲಿರುವವರ ನೋವು ಕಾಣುವುದಿಲ್ಲ.

ಆ ಹಸುರುಗಾವಲಿನ ಬಗ್ಗೆಯೂ ನಮ್ಮ ಕಣ್ಣಮುಂದೆ ತಪ್ಪು ಚಿತ್ರವಿದೆ. ಗೋಡೆಗೆ ತೂಗುಹಾಕುವ ಪಟಗಳಲ್ಲಿ ಕಣ್ಣು ಹಾಯುವ ತನಕ ಹುಲ್ಲು, ಮಧ್ಯೆ ತಿಳಿನೀರಿನ ಹೊಳೆ. ದಾವೀದ ಕುರಿ ಕಾಯ್ದ ನಾಡು ಹಾಗಿರಲಿಲ್ಲ. ಯೆರೂಸಲೇಮ್, ಬೇತ್ಲೆಹೇಮ್ ಇರುವ ಬೆಟ್ಟಸಾಲಿನಲ್ಲಿ ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆ ಬಿದ್ದೀತು. ಅಲ್ಲಿಂದ ಪೂರ್ವಕ್ಕೆ ಇಳಿದು ಮೃತಸಮುದ್ರ ಮುಟ್ಟುವಷ್ಟರಲ್ಲಿ 100 ಮಿಲಿಮೀಟರೂ ಇರುವುದಿಲ್ಲ. ಮಳೆಯೂ ಚಳಿಗಾಲದ ಕೆಲವೇ ತಿಂಗಳು. ಕೀರ್ತನೆಯಲ್ಲಿರುವ ‘ದೆಶೆ’ ಎಂಬ ಪದ ಮಳೆಯ ಬೆನ್ನಿಗೆ ಚಿಗುರುವ ಎಳೆಹುಲ್ಲಿಗೆ ಸಲ್ಲುತ್ತದೆ; ಬಿಸಿಲು ಬಲಿತರೆ ಅದು ಒಣಗಿಹೋಗುತ್ತದೆ. ಅಂಥ ನಾಡಿನಲ್ಲಿ ಯಾವ ಇಳಿಜಾರಿನಲ್ಲಿ ಇವತ್ತು ಹುಲ್ಲಿದೆ, ಯಾವ ಕೊರಕಲಿನಲ್ಲಿ ನೀರು ನಿಂತಿದೆ ಎಂಬುದು ಕುರಿಗೆ ತಿಳಿಯದು, ಕುರುಬನಿಗೆ ತಿಳಿದಿರುತ್ತದೆ. ನಾಳೆಯ ಹುಲ್ಲು ಕುರಿಯ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದೇ ಇಲ್ಲ, ಇನ್ನೊಂದು ಗುಡ್ಡದ ಆಚೆ ಇರುತ್ತದೆ. ನೀವು ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಹುಡುಕುತ್ತಿರುವುದು ಆ ಗುಡ್ಡದಾಚೆಯ ಹುಲ್ಲನ್ನು.

ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಕಥೆಯೂ ಇದೇ ಅಳತೆಯದು. ದಿನದ್ದು ದಿನಕ್ಕೆ. ನಾಳೆಗಿರಲಿ ಎಂದು ತೆಗೆದಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಸಿಕ್ಕಿತು, ಏಳನೆಯ ದಿನ ಯಾರೂ ಹೊರಗೆ ಹೋಗಿ ಕೂಡಿಸದೆ ಸುಮ್ಮನಿರಲೆಂದು. ಹಾಗೆಂದು ಉಳಿತಾಯ ಪಾಪವೆಂದು ನಾನು ಹೇಳುತ್ತಿಲ್ಲ. ಐಗುಪ್ತದಲ್ಲಿ ಏಳು ವರ್ಷದ ಧಾನ್ಯ ಕೂಡಿಟ್ಟ ಯೋಸೇಫನೂ ದೇವರ ಮನುಷ್ಯನೇ. ಆದರೆ ಪೋಷಣೆ ಮತ್ತು ವಿಶ್ರಾಂತಿ ಎರಡನ್ನೂ ಒಂದೇ ಕೈ ಅಳೆದು ಕೊಡುತ್ತದೆ ಎಂಬುದನ್ನು ಗಮನಿಸಿ. ಊಟ ಕೊಟ್ಟವನೇ ಬಿಡುವನ್ನೂ ಲೆಕ್ಕಕ್ಕೆ ಹಿಡಿದಿದ್ದ.

ಈಗ ಎರಡನೆಯ ವಚನದ ‘ತಂಗಿಸುತ್ತಾನೆ’ ಎಂಬ ಮಾತಿಗೆ ಬರೋಣ. ಮೂಲದ ಪದ ನಾಲ್ಕು ಕಾಲಿನ ಪ್ರಾಣಿ ಕಾಲು ಮಡಚಿ ನೆಲಕ್ಕೊರಗುವುದನ್ನು ಹೇಳುತ್ತದೆ. ಕನ್ನಡದ ‘ತಂಗು’ ಇನ್ನೊಂದು ಒಳ್ಳೆಯ ಅರ್ಥವನ್ನು ಸೇರಿಸುತ್ತದೆ. ದಾರಿ ನಡೆಯುವವರು ತಂಗುತ್ತಾರೆ, ಬೆಳಗಾದರೆ ಎದ್ದು ಹೊರಡುತ್ತಾರೆ. ಪ್ರಯಾಣ ಮುಗಿದ ಮೇಲಿನ ವಿಶ್ರಾಂತಿ ಇದಲ್ಲ, ನಡುದಾರಿಯದು. ಇನ್ನೊಂದು ಸಂಗತಿ: ಕುರಿ ಮೇಯುವುದು ಎದ್ದುನಿಂತು, ಮೆಲುಕು ಹಾಕುವುದು ಹೆಚ್ಚಾಗಿ ಮಲಗಿ. ತಿಂದದ್ದು ಮೈಗೆ ಹತ್ತುವುದು ಮೆಲುಕು ಹಾಕಿದಾಗಲೇ. ಹೆದರಿದ ಕುರಿ ಹುಲ್ಲಿನ ನಡುವೆಯೇ ಕಿವಿ ನಿಗುರಿಸಿ ನಿಂತಿರುತ್ತದೆ. ಹೊಟ್ಟೆ ತುಂಬಿದ್ದರೂ ಮೆಲುಕಿಲ್ಲ. ಕುರಿ ಮಲಗಬೇಕಾದರೆ ಹುಲ್ಲೊಂದೇ ಸಾಲದು, ಭಯ ಹೋಗಬೇಕು. ಮತ್ತು ಭಯವನ್ನು ಕುರಿ ತಾನೇ ತೆಗೆದುಕೊಳ್ಳಲಾರದು. ಅದಕ್ಕೇ ಇಲ್ಲಿ ‘ನಾನು ಮಲಗುತ್ತೇನೆ’ ಎಂದಿಲ್ಲ, ‘ಆತನು ತಂಗಿಸುತ್ತಾನೆ’ ಎಂದಿದೆ.

(ಕುರಿ ದಡ್ಡ ಪ್ರಾಣಿ, ನಾವೂ ಹಾಗೇ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. 2001ರಲ್ಲಿ ಇಂಗ್ಲೆಂಡಿನ ಬಾಬ್ರಹಾಮ್ ಸಂಸ್ಥೆಯ ವಿಜ್ಞಾನಿಗಳು, ಕುರಿಗಳು ಐವತ್ತು ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮಿಕ್ಕಿ ನೆನಪಿಟ್ಟುಕೊಳ್ಳುತ್ತವೆಂದು ತೋರಿಸಿಕೊಟ್ಟರು. ಕುರಿಗೆ ಬುದ್ಧಿ ಇದೆ, ತನ್ನನ್ನು ಕಾಯ್ದುಕೊಳ್ಳುವ ಆಯುಧವಿಲ್ಲ. ಕೀರ್ತನೆ ನಿಮ್ಮನ್ನು ಹೀಯಾಳಿಸುತ್ತಿಲ್ಲ.)

ನನ್ನ ಬದುಕಿನ ಒಂದು ರಾತ್ರಿಯನ್ನು ಇಲ್ಲಿ ಹೇಳಬೇಕು. ತಂದೆ ತೀರಾ ಕಾಯಿಲೆ ಬಿದ್ದಾಗ ಮೂರು ರಾತ್ರಿ ಅವರ ಹಾಸಿಗೆಯ ಪಕ್ಕ ಕುರ್ಚಿಯಲ್ಲಿ ಕಳೆದಿದ್ದೆ. ಕಣ್ಣು ಮುಚ್ಚಿದರೆ ಅವರ ಉಸಿರು ನಿಂತಂತೆ ಕೇಳಿಸುತ್ತಿತ್ತು. ನಾಲ್ಕನೆಯ ರಾತ್ರಿ ಅಣ್ಣ ಬಂದ. ಚಪ್ಪಲಿ ಬಿಟ್ಟು, ನನ್ನ ಭುಜ ಮುಟ್ಟಿ, ‘ನಾನಿದ್ದೀನಿ, ನೀನು ಮಲಗು’ ಎಂದ. ನೆಲದ ಮೇಲೆ ಟವೆಲ್ ಹಾಸಿಕೊಂಡು ಮಲಗಿದವನು ಬೆಳಗಿನ ತನಕ ಎಚ್ಚರವಾಗಲಿಲ್ಲ. ಅಪ್ಪನ ಕಾಯಿಲೆ ಹಾಗೇ ಇತ್ತು. ಆಸ್ಪತ್ರೆಯ ಬಿಲ್ಲೂ ಹಾಗೇ ಇತ್ತು. ಎಚ್ಚರವಿರುವ ಕೆಲಸ ಮಾತ್ರ ನನ್ನ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿತ್ತು. ಎಷ್ಟೋ ವರ್ಷ ಈ ಕೀರ್ತನೆಯನ್ನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಅದರ ಒಳಗು ನನಗೆ ತೆರೆದದ್ದು ಆ ಟವೆಲಿನ ಮೇಲೆ ಕಣ್ಣುಬಿಟ್ಟ ಬೆಳಿಗ್ಗೆ.

ಕುರಿ ಮಲಗುವುದು ಕುರುಬ ಎದ್ದಿರುವುದರಿಂದ. ಬೈಬಲ್ಲಿನಲ್ಲಿ ದೇವರನ್ನು ತನ್ನ ಕುರುಬನೆಂದು ಮೊದಲು ಹೇಳಿದವನು ದಾವೀದನಲ್ಲ, ಯಾಕೋಬ. ಆದಿಕಾಂಡದ 48ನೆಯ ಅಧ್ಯಾಯದಲ್ಲಿ, ಕಣ್ಣು ಮಂಜಾದ ಮುದುಕ ಮೊಮ್ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಹುಟ್ಟಿದಂದಿನಿಂದ ಈ ದಿನದ ತನಕ ತನ್ನನ್ನು ಕುರುಬನಂತೆ ಸಾಕಿದ ದೇವರನ್ನು ನೆನೆಯುತ್ತಾನೆ. ಈ ಮಾತನ್ನು ಅವನು ಹಗುರಾಗಿ ಆಡಿರಲಾರ. ಮಾವ ಲಾಬಾನನ ಬಳಿ ಇಪ್ಪತ್ತು ವರ್ಷ ದುಡಿದವನು, ಹಗಲು ಬಿಸಿಲಿಗೂ ಇರುಳು ಚಳಿಗೂ ಬೆಂದವನು, ಕಣ್ಣಿಗೆ ನಿದ್ದೆಯೇ ಹತ್ತಲಿಲ್ಲ ಎಂದು ಅವನ ಮುಖಕ್ಕೇ ಹೇಳಿದವನು. ಕುರುಬನಾಗುವುದೆಂದರೆ ನಿದ್ದೆ ಬಿಡುವುದು ಎಂದು ಬಲ್ಲವನೇ ದೇವರಿಗೆ ಆ ಹೆಸರಿಟ್ಟ. ಹಾಗೆ ಕರೆಯುವ ಹೊತ್ತಿಗೆ ಅವನ ಬಾಳೇನೂ ಸುಖವಾಗಿರಲಿಲ್ಲ. ತನ್ನ ದಿನಗಳು ಸ್ವಲ್ಪವೂ ದುಃಖಕರವೂ ಆಗಿದ್ದವೆಂದು ಫರೋಹನ ಮುಂದೆ ಆಗಲೇ ಹೇಳಿದ್ದ. ಹಾಗಾದರೆ ‘ಇಸ್ರಾಯೇಲನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ’ ಎಂಬ 121ನೆಯ ಕೀರ್ತನೆಯ ಮಾತು ದೇವರ ಶಕ್ತಿಯ ಹೊಗಳಿಕೆಯಷ್ಟೇ ಅಲ್ಲ. ರಾತ್ರಿಪಾಳಿ ಯಾರದೆಂದು ತಿಳಿಸುವ ಮಾತು.

‘ಕೈಕಟ್ಟಿ ಕೂರಲು ಪುರಸೊತ್ತೆಲ್ಲಿ’ ಎಂದು ಕೇಳಿದ್ದೀರಿ. ಅದೇ ಯಾಕೋಬನ ಇನ್ನೊಂದು ಮಾತು ನಿಮಗೆ ಬೇಕು. ಇಪ್ಪತ್ತು ವರ್ಷದ ಮೇಲೆ ಅಣ್ಣ ಏಸಾವ ಎದುರಾಗಿ, ಬಾ ಒಟ್ಟಿಗೆ ಹೋಗೋಣ ಎನ್ನುತ್ತಾನೆ. ಯಾಕೋಬ ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಮಂದೆಯಲ್ಲಿ ಹಾಲೂಡಿಸುವ ತಾಯಿಗಳಿವೆ, ಒಂದೇ ದಿನ ಮಿತಿಮೀರಿ ಓಡಿಸಿದರೂ ಮಂದೆಯೆಲ್ಲ ಸತ್ತೀತು, ನಾನು ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎನ್ನುತ್ತಾನೆ. ಯೆಶಾಯನ 40ನೆಯ ಅಧ್ಯಾಯದಲ್ಲಿ ದೇವರೂ ಹೀಗೇ: ಮರಿಗಳನ್ನು ಎದೆಗಪ್ಪಿಕೊಂಡು, ಹಾಲೂಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುತ್ತಾನೆ. ಹದಿನಾಲ್ಕು ತಿಂಗಳಿಂದ ನಿಮ್ಮನ್ನು ಯಾರು ಇಷ್ಟು ವೇಗವಾಗಿ ಓಡಿಸುತ್ತಿದ್ದಾರೆ ಎಂದು ಸ್ವಲ್ಪ ನಿಂತು ಕೇಳಿಕೊಳ್ಳಿ. ಕೆಲವನ್ನು ಪರಿಸ್ಥಿತಿ ಓಡಿಸುತ್ತದೆ, ನಿಜ. ಆದರೆ ಎಲ್ಲವೂ ನನ್ನಿಂದಲೇ ಆಗಬೇಕು, ಯಾರಿಗೂ ಗೊತ್ತಾಗಬಾರದು ಎಂಬುದು ಕುರುಬನ ದನಿ ಅಲ್ಲ.

ಎಲೀಯನನ್ನೂ ನೆನೆಯಿರಿ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ಪ್ರಾಣ ತೆಗೆದುಬಿಡು ಎಂದು ಬೇಡಿದ ಪ್ರವಾದಿ. ಅವನಿಗೆ ದೇವದೂತ ಉಪದೇಶ ಮಾಡಲಿಲ್ಲ, ನಿನ್ನ ನಂಬಿಕೆ ಏನಾಯಿತು ಎಂದು ಕೇಳಲಿಲ್ಲ. ಮಲಗಲು ಬಿಟ್ಟ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದು, ಎದ್ದು ತಿನ್ನು ಎಂದ. ದಾರಿ ಶಕ್ತಿಗೆ ಮೀರಿದ್ದೆಂದು ಸ್ವರ್ಗವೇ ಒಪ್ಪಿಕೊಂಡ ಜಾಗ ಅದು. ಮೂರನೆಯ ವಚನದ ‘ನನ್ನ ಪ್ರಾಣವನ್ನು ಉಜ್ಜೀವಿಸಮಾಡುತ್ತಾನೆ’ ಎಂಬುದರ ಮೂಲದಲ್ಲಿ, ಹೊರಟುಹೋದದ್ದನ್ನು ತಿರುಗಿ ತರುವ ಅರ್ಥವಿದೆ. ಉಣ್ಣೆ ಭಾರವಾದ ಕುರಿ ಕೆಲವೊಮ್ಮೆ ಬೆನ್ನಡಿಯಾಗಿ ಬಿದ್ದುಬಿಡುತ್ತದೆ. ಕಾಲು ಝಾಡಿಸುತ್ತದೆ, ತಾನಾಗಿ ಏಳಲಾಗುವುದಿಲ್ಲ. ಹಾಗೇ ಬಿಟ್ಟರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಅದಕ್ಕೆ ಬೇಕಾದದ್ದು ಇನ್ನಷ್ಟು ಪ್ರಯತ್ನವಲ್ಲ, ಹಿಡಿದೆತ್ತುವ ಎರಡು ಕೈ.

ಕೈ ಎಂದಾಗ ನನಗೆ ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯ ನೆನಪಾಗುತ್ತದೆ. ಐದು ಸಾವಿರ ಜನರಿಗೆ ಊಟವಾದ ಕಥೆ ನಿಮಗೆ ಬಾಯಿಪಾಠವಿರಬಹುದು, ಆದರೂ 23ನೆಯ ಕೀರ್ತನೆಯನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೊಮ್ಮೆ ಓದಿ. ಶಿಷ್ಯರಿಗೆ ಊಟಮಾಡುವುದಕ್ಕೂ ಸಮಯವಿರಲಿಲ್ಲ ಎಂದು ಮಾರ್ಕ ಬರೆಯುತ್ತಾನೆ. ಯೇಸು ಅವರಿಗೆ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎನ್ನುತ್ತಾನೆ. ದೋಣಿಯಿಂದಿಳಿದರೆ ಅಲ್ಲೂ ಜನ. ಕುರುಬನಿಲ್ಲದ ಕುರಿಗಳಂತಿದ್ದಾರೆಂದು ಅವರನ್ನು ಕಂಡು ಕನಿಕರಪಡುತ್ತಾನೆ. ಆಮೇಲೆ ಎಲ್ಲರನ್ನೂ ಹಸುರು ಹುಲ್ಲಿನ ಮೇಲೆ ಕೂರಿಸಿರಿ ಎನ್ನುತ್ತಾನೆ. ಹುಲ್ಲಿನ ಬಣ್ಣವನ್ನು ಹೇಳಿದವನು ಮಾರ್ಕನೊಬ್ಬನೇ, ಅದೂ ಮಾತು ಕಡಿಮೆ ಆಡುವ ಮಾರ್ಕ! ಅದು ವಸಂತದಲ್ಲಿ ಬರುವ ಯೆಹೂದ್ಯರ ಪಸ್ಕಹಬ್ಬಕ್ಕೆ ಹತ್ತಿರದ ಕಾಲವೆಂದು ಯೋಹಾನ ಹೇಳುತ್ತಾನೆ, ಅಂದರೆ ಮಳೆ ಮುಗಿದು ಎಳೆಹುಲ್ಲು ನಿಂತಿರುವ ಕೆಲವೇ ವಾರಗಳು. ದಣಿದವರು, ಕುರುಬ, ಹಸುರು ಹುಲ್ಲು, ಸಿದ್ಧವಾದ ಊಟ, ತುಂಬಿ ಉಳಿದ ಹನ್ನೆರಡು ಪುಟ್ಟಿ. ಕೀರ್ತನೆ ಅಲ್ಲಿ ನಡೆದುಹೋಯಿತು.

ಆದರೆ ಆ ರೊಟ್ಟಿ ಎಲ್ಲಿಂದ ಬಂತು? ಆಕಾಶದಿಂದ ಉದುರಲಿಲ್ಲ. ಯಾರೋ ಒಬ್ಬರ ಬುತ್ತಿಯಲ್ಲಿದ್ದ ಐದು ರೊಟ್ಟಿ, ಎರಡು ಮೀನು. ಹಂಚಿದ್ದೂ ಶಿಷ್ಯರ ಕೈ. ಮೊದಲು ‘ನಿಮ್ಮಲ್ಲಿ ಎಷ್ಟಿದೆ, ಹೋಗಿ ನೋಡಿ’ ಎಂದು ಯೇಸು ಕೇಳಿದ್ದ. ಅವರು ನೋಡಿ, ಇದ್ದದ್ದನ್ನು ಇದ್ದಹಾಗೆ ಹೇಳಿದರು. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪೌಲನು, ‘ನನ್ನ ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನೂ ನೀಗಿಸುವನು’ ಎನ್ನುವ ಮುಂಚಿನ ವಾಕ್ಯದಲ್ಲೇ, ನೀವು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದು ನನಗೆ ತಲುಪಿತು, ತುಂಬಿದವನಾಗಿದ್ದೇನೆ ಎಂದು ರಸೀದಿ ಕೊಟ್ಟ ಹಾಗೆ ಬರೆದಿದ್ದಾನೆ. ಕುರುಬನ ಪೋಷಣೆಗೆ ಹೆಚ್ಚಿನ ಸಲ ಮನುಷ್ಯರ ಕೈಯೇ ದಾರಿ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು: ‘ನಮ್ಮ ಪರಿಸ್ಥಿತಿ ಅಲ್ಲಿ ಯಾರಿಗೂ ಗೊತ್ತಿಲ್ಲ.’ ಸಭೆಯನ್ನು ಮಂದೆ ಎನ್ನುತ್ತೇವೆ, ಅದನ್ನು ನೋಡಿಕೊಳ್ಳುವವರನ್ನು ಸಭಾಪಾಲಕರು ಎನ್ನುತ್ತೇವೆ. ಬಲಹೀನವಾದದ್ದನ್ನು ಬಲಪಡಿಸದ, ಗಾಯವಾದದ್ದಕ್ಕೆ ಕಟ್ಟು ಕಟ್ಟದ ಪಾಲಕರ ಮೇಲೆ ಯೆಹೆಜ್ಕೇಲನ 34ನೆಯ ಅಧ್ಯಾಯದಲ್ಲಿ ದೇವರು ಎಷ್ಟು ಸಿಟ್ಟಾಗುತ್ತಾನೆ ಎಂದರೆ, ಮಂದೆಯನ್ನು ಅವರಿಂದ ಕಿತ್ತುಕೊಂಡು, ನಾನೇ ಮೇಯಿಸುವೆನು, ನಾನೇ ಮಲಗಿಸುವೆನು ಎನ್ನುತ್ತಾನೆ. ನಮ್ಮ ಕೀರ್ತನೆಯ ‘ತಂಗಿಸು’ ಎಂಬ ಪದವೇ ಅಲ್ಲಿರುವುದು. ಹೀಗಿರುವಾಗ ನಿಮ್ಮ ಕಷ್ಟ ಹೇಳಿಕೊಳ್ಳುವುದು ಭಿಕ್ಷೆ ಬೇಡಿದಂತಲ್ಲ. ನಿಮ್ಮ ಸಭೆಗೆ ತನ್ನ ಕೆಲಸ ಮಾಡಲು ನೀವು ಇನ್ನೂ ಅವಕಾಶವನ್ನೇ ಕೊಟ್ಟಿಲ್ಲ.

ಮುಂದಿನ ತಿಂಗಳೇ ಯಜಮಾನರಿಗೆ ಕೆಲಸ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಈ ಕೀರ್ತನೆಯೂ ಅಂಥ ಮಾತು ಕೊಡುವುದಿಲ್ಲ. ಕಾರ್ಗತ್ತಲಿನ ಕಣಿವೆ ಅದರೊಳಗೇ ಇದೆ, ವೈರಿಗಳೂ ಅಲ್ಲೇ ಇದ್ದಾರೆ, ಊಟ ಬಡಿಸುವುದು ಅವರ ಕಣ್ಣೆದುರಿಗೇ. ಅದು ಕೊಡುವ ಮಾತು ನಾಲ್ಕನೆಯ ವಚನದಲ್ಲಿದೆ. ಅಲ್ಲಿಯವರೆಗೆ ‘ಆತನು’, ‘ಆತನು’ ಎಂದು ದೇವರ ಬಗ್ಗೆ ಮಾತಾಡುತ್ತಿದ್ದ ಕವಿ, ಕಣಿವೆಗೆ ಕಾಲಿಟ್ಟ ಕೂಡಲೇ ‘ನೀನು’ ಎಂದು ತಿರುಗುತ್ತಾನೆ. ಬೆಳಕಿನಲ್ಲಿ ದೇವರ ಕುರಿತು ಹೇಳುತ್ತಿದ್ದವನು ಕತ್ತಲಲ್ಲಿ ದೇವರೊಂದಿಗೇ ಮಾತಿಗಿಳಿಯುತ್ತಾನೆ. ‘ಕೀ ಅತ್ತಾ ಇಮ್ಮಾದೀ’, ನೀನು ನನ್ನ ಸಂಗಡ ಇದ್ದೀಯಲ್ಲ. ಹೀಬ್ರೂವಿನಲ್ಲಿ ಶೀರ್ಷಿಕೆ ಬಿಟ್ಟು ಎಣಿಸಿದರೆ ಈ ಮೂರು ಪದಗಳ ಹಿಂದೆ 26 ಪದ, ಮುಂದೆ 26 ಪದ. ಇಡೀ ಕೀರ್ತನೆಯ ನಟ್ಟನಡುವೆ ಈ ಮಾತು ಕೂತಿದೆ. ಅಣ್ಣ ನನ್ನ ಭುಜ ಮುಟ್ಟಿ ಹೇಳಿದ್ದೂ ಇದೇ ಅಲ್ಲವೇ?

ಕೊನೆಯ ವಚನದ ‘ಹಿಂಬಾಲಿಸುವವು’ ಎಂಬ ಪದವನ್ನೂ ಬಿಡಬೇಡಿ. ಮೂಲದಲ್ಲಿ ಅದು ಬೆನ್ನಟ್ಟುವ ಪದ, ಸಾಮಾನ್ಯವಾಗಿ ಶತ್ರು ಅಟ್ಟಿಸಿಕೊಂಡು ಬರುವುದಕ್ಕೆ ಬಳಸುವಂಥದು. ಸಾಲ ಬೆನ್ನಟ್ಟುತ್ತಿದೆ ಎಂದು ನಿಮಗೆ ಗೊತ್ತಿದೆ. ಶುಭವೂ ಕೃಪೆಯೂ ಬೆನ್ನಟ್ಟುತ್ತಿವೆ ಎಂದು ಕವಿ ಹೇಳುತ್ತಾನೆ, ಅವು ಸಾಲಕ್ಕಿಂತ ಹಿಂದೆ ಬಿದ್ದಿಲ್ಲ.

ಇನ್ನು ರಾತ್ರಿಯ ಮಾತು. ಎರಡು ಗಂಟೆಗೆ ಎಚ್ಚರವಾದಾಗ ಮೊದಲ ವಚನದಿಂದ ಶುರುಮಾಡಬೇಕೆಂದಿಲ್ಲ. ‘ಕೊರತೆಪಡೆನು’ ಸದ್ಯಕ್ಕೆ ಗಂಟಲಲ್ಲಿ ಸಿಕ್ಕಿಕೊಂಡರೆ ಅಲ್ಲೇ ಇರಲಿ, ತನ್ನ ಕಾಲಕ್ಕೆ ಬರುತ್ತದೆ. ನಾಲ್ಕನೆಯ ವಚನ ಸಾಕು. ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಡಚಿಡಿ, ರಾತ್ರಿಪಾಳಿಯವನಿಗೆ ಒಪ್ಪಿಸಿ, ಬೆಳಿಗ್ಗೆ ಯಜಮಾನರೊಂದಿಗೆ ಕೂತು ಬಿಡಿಸಿ ನೋಡಿ. ನಿದ್ದೆ ವಾರಗಟ್ಟಲೆ ಹೀಗೇ ಕೆಡುತ್ತಿದ್ದರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಎಲೀಯನಿಗೆ ಮೊದಲು ಸಿಕ್ಕಿದ್ದು ನಿದ್ದೆ ಮತ್ತು ಊಟ. ಅತ್ತೆಯವರ ಪಕ್ಕ ವಾರಕ್ಕೆ ಒಂದು ರಾತ್ರಿ ಕೂರುತ್ತೇನೆ ಎನ್ನುವ ಒಬ್ಬರಾದರೂ ನಿಮ್ಮ ಸಭೆಯಲ್ಲಿ ಇದ್ದೇ ಇರುತ್ತಾರೆ, ಅವರಿಗೆ ವಿಷಯ ತಿಳಿಯಬೇಕಷ್ಟೆ. ಈ ಭಾನುವಾರದ ತನಕ ಕಾಯಬೇಡಿ. ನಾಳೆ ಬೆಳಿಗ್ಗೆಯೇ ನಿಮ್ಮ ಸಭಾಪಾಲಕರಿಗೆ ಫೋನ್ ಮಾಡಿ, ನನಗೆ ಬರೆದದ್ದನ್ನೇ ಅವರಿಗೂ ಓದಿ ಹೇಳಿ.